ಹದಿನಾಲ್ಕು ದಿನದ ಕೋಣೆ

ಮನೆ ನೋಡಲು ಹೋದರೆ ನಾನು ಅಡುಗೆಮನೆ ನೋಡಿಕೊಂಡು ಬರುವವಳು. ಉಳಿದ ಕೋಣೆಗಳು ಇದ್ದೇ ಇರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬ ಧೈರ್ಯ. ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಈ ಮನೆಯನ್ನು 1998ರಲ್ಲಿ ಕೊಂಡಾಗಲೂ ಒಲೆಯ ಹತ್ತಿರ ಕಿಟಕಿ ಇದೆಯೇ, ಒಗ್ಗರಣೆಯ ಘಾಟು ಹೊರಗೆ ಹೋಗುತ್ತದೆಯೇ ಎಂದಷ್ಟೇ ವಿಚಾರಿಸಿ ಒಪ್ಪಿಗೆ ಕೊಟ್ಟೆ. ನನ್ನ ಗಂಡ ಶರಣು ಗ್ಯಾರೇಜು ನೋಡಿದ. ಬೇಸ್‌ಮೆಂಟನ್ನು ಇಬ್ಬರೂ ಮೆಟ್ಟಿಲ ಮೇಲೆ ನಿಂತೇ ಬಗ್ಗಿ ನೋಡಿದೆವು. ಮೂಲೆಯಲ್ಲಿ ಒಂದು ದಪ್ಪ ಬಾಗಿಲು ಕಂಡಿತು. ಮನೆ ತೋರಿಸಲು ಬಂದ ಏಜೆಂಟಮ್ಮ "ಎಕ್ಸ್‌ಟ್ರಾ ಸ್ಟೋರೇಜ್" ಎಂದಳು. ಹೆಚ್ಚಿಗೆ ಜಾಗ ಕೊಡುತ್ತೇವೆಂದರೆ ಬೇಡ ಎನ್ನುವ ಗೃಹಿಣಿಯನ್ನು ನಾನಿನ್ನೂ ಕಂಡಿಲ್ಲ. ಹೀಗೆ ಮೂರು ಬೆಡ್‌ರೂಮುಗಳ ಜೊತೆಗೆ ಒಂದು ಮೂರನೆಯ ಮಹಾಯುದ್ಧವನ್ನೂ ಕೊಂಡುಕೊಂಡೆವು ಎಂಬುದು ಆಮೇಲೆ ತಿಳಿಯಿತು.

ಸಾಮಾನು ತಂದು ಹಾಕಿದ ವಾರಕ್ಕೆ ಆ ಬಾಗಿಲನ್ನು ಎಳೆದು ತೆಗೆದೆ. ಒಳಗೆ ಹತ್ತಡಿಗೆ ಎಂಟಡಿಯ ಕೋಣೆ. ಸುತ್ತ ಎರಡು ಪದರದ ಕಾಂಕ್ರೀಟ್ ಬ್ಲಾಕಿನ ಗೋಡೆ, ಮೇಲೂ ಕಾಂಕ್ರೀಟು. ರೈಲಿನ ಬರ್ತುಗಳ ಹಾಗೆ ಗೋಡೆಗೆ ಕೂರಿಸಿದ ಐದು ಮಲಗುವ ಹಲಗೆಗಳು. ಒಂದು ಕೊಳವೆ, ಅದಕ್ಕೆ ಕೈಯಿಂದ ತಿರುಗಿಸುವ ಹಿಡಿ. ತಿರುಗಿಸಿದರೆ ಹೊರಗಿನ ಗಾಳಿ ಸೋಸಿಕೊಂಡು ಒಳಗೆ ಬರುವ ಏರ್ಪಾಡು. ಖಾಲಿ ನೀರಿನ ಡ್ರಮ್ಮುಗಳು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಗಳು, ಹಳದಿಯಾದ ಒಂದು ಸರ್ಕಾರಿ ಕೈಪಿಡಿ. ರಷ್ಯದವರು ಅಣುಬಾಂಬು ಹಾಕಿದರೆ, ವಿಕಿರಣದ ಧೂಳಿನ ಕಾವು ಇಳಿಯುವವರೆಗೆ, ಅಂದರೆ ಸುಮಾರು ಹದಿನಾಲ್ಕು ದಿನ, ಸಂಸಾರ ಸಮೇತ ಒಳಗೆ ಕೂತಿರುವುದು ಹೇಗೆಂದು ಅದರಲ್ಲಿ ಚಿತ್ರ ಬರೆದು ವಿವರಿಸಿದ್ದರು. ಚಿತ್ರದೊಳಗಿನ ತಾಯಿ ಇಸ್ತ್ರಿ ಮಾಡಿದ ಫ್ರಾಕು ತೊಟ್ಟು ನಗುತ್ತಿದ್ದಳು. ಆರು ವರ್ಷದ ನನ್ನ ಮಗಳು ಸಂಜನಾ ನನ್ನ ಹಿಂದೆ ಅವಿತುಕೊಂಡು, "ಅಮ್ಮ, ದಿಸ್ ಈಸ್ ಸೋ ಕ್ರೀಪಿ" ಅಂದಳು.

ಕಾರು ಗೋಡೆಗೆ ಗುದ್ದಿದರೆ ಸೀಟ್ ಬೆಲ್ಟು ಮನುಷ್ಯನನ್ನು ಉಳಿಸುತ್ತದೆಯೇ ಎಂದು ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ದಿನಕ್ಕೆ ಎರಡು ಸಲ ಗೊಂಬೆಗಳ ಕತ್ತು ಉಳುಕಿಸಿ ಸಂಬಳ ತರುವವಳು. ಅಂಥ ನಾನೂ ಹೌಹಾರಿ ನಿಂತೆ. ಯಾರೋ ಒಬ್ಬ ಮಾಮೂಲಿ ಮನುಷ್ಯ, ನನ್ನ ಹಾಗೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವನು, ವಾರದ ರಜೆಯಲ್ಲಿ ಸಿಮೆಂಟು ಕಲಸಿ ಪ್ರಳಯಕ್ಕೆ ಕೋಣೆ ಕಟ್ಟಿದ್ದ. ಆ ಹಲಗೆಗಳಲ್ಲಿ ಎರಡು ಗಿಡ್ಡವಾಗಿದ್ದವು. ಮಕ್ಕಳ ಅಳತೆ ತೆಗೆದುಕೊಂಡೇ ಕುಯ್ದಿದ್ದನೆಂದು ಕಾಣುತ್ತದೆ.

ಶೀತಲ ಸಮರದ ಪಾಠ ಓದಿರಲಿಲ್ಲವೇ ಎಂದು ನೀವು ಕೇಳಬಹುದು. ಓದಿದ್ದೆ, ಐದು ಅಂಕದ ಪ್ರಶ್ನೆಗೆ ಉತ್ತರವನ್ನೂ ಬರೆದಿದ್ದೆ. ಆದರೆ ಮೈಸೂರಿನಲ್ಲಿ ಬೆಳೆದ ನಮಗೆ ಅದು ಇಬ್ಬರು ಶ್ರೀಮಂತ ನೆಂಟರ ಪೈಪೋಟಿಯ ಹಾಗೆ ಇತ್ತು, ಲಾಭವೆಲ್ಲ ನಮ್ಮ ಪಾಲಿಗೆ. ರಷ್ಯದಿಂದ ಬರುತ್ತಿದ್ದ ಮಾಸಪತ್ರಿಕೆಗಳನ್ನು ನಮ್ಮ ಬೀದಿಯಲ್ಲಿ ಓದಿದವರು ಯಾರೂ ಇರಲಿಲ್ಲ, ತರಿಸದವರೂ ಇರಲಿಲ್ಲ. ಅದರ ಹಾಳೆ ಅಷ್ಟು ನುಣುಪು, ಅಷ್ಟು ಗಟ್ಟಿ. ಜೂನ್ ತಿಂಗಳು ಬಂತೆಂದರೆ ನೋಟ್‌ಬುಕ್ಕುಗಳಿಗೆಲ್ಲ ಅದರದೇ ಬೈಂಡು. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಗುಂಡುಮುಖದ ಹೆಂಗಸು ವರ್ಷವಿಡೀ ನಗುತ್ತಿದ್ದಳು, ನನಗೆ ಬಂದ ಅಂಕಗಳ ಪರಿವೆ ಇಲ್ಲದೆ. ಮಧ್ಯಾಹ್ನ ಸ್ಕೂಲಿನಲ್ಲಿ ಕೊಡುತ್ತಿದ್ದದ್ದು ಅಮೆರಿಕದ ಗೋಧಿಯ ಉಪ್ಪಿಟ್ಟು. ರಷ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು ಅಮೆರಿಕವನ್ನು ಹೊಟ್ಟೆಗೆ ಹಾಕಿಕೊಂಡು ಬೆಳೆದವರು ನಾವು. ದೊಡ್ಡವರು ಅಲಿಪ್ತ ನೀತಿ ಎಂದು ಕರೆಯುತ್ತಿದ್ದದ್ದು ಬಹುಶಃ ಇದನ್ನೇ. ಉಪ್ಪಿಟ್ಟು ಕಳಿಸಿದ ದೇಶದಲ್ಲಿ ಜನ ಇಷ್ಟು ಹೆದರಿಕೊಂಡಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ.

ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ. ಆರು ತಿಂಗಳೊಳಗೆ ನಾನು ಬಿಸ್ಕತ್ತಿನ ಡಬ್ಬಗಳನ್ನು ಎಸೆದು, ಹಲಗೆಗಳ ಮೇಲೆ ಅಕ್ಕಿ ಚೀಲ, ಹುಣಸೆಹಣ್ಣು, ಹಬ್ಬದ ಪಾತ್ರೆ ಜೋಡಿಸಿದೆ. ಬಾಗಿಲ ಹಿಂದೆ, ಒಳಗಡೆ, ಎದೆಯ ಎತ್ತರಕ್ಕೆ ಎರಡು ದಪ್ಪ ಕಬ್ಬಿಣದ ಕೊಕ್ಕೆಗಳಿದ್ದವು. ಉದ್ದ ಹಿಡಿಯ ಪೊರಕೆಯನ್ನು ಅಡ್ಡಲಾಗಿ ಇಡಲು ಹೇಳಿ ಮಾಡಿಸಿದ ಹಾಗೆ ಇದ್ದವು, ಇಟ್ಟೆ. ಅಣುಯುದ್ಧದಲ್ಲೂ ಕಸ ಗುಡಿಸುವ ಯೋಚನೆ ಮಾಡಿದ್ದ ಆ ಮನುಷ್ಯನ ಬಗ್ಗೆ ನನಗೆ ಸ್ವಲ್ಪ ಗೌರವವೂ ಹುಟ್ಟಿತು.

ಮಾವನವರು ತೀರಿಕೊಂಡ ಮೇಲೆ, 2001ರಲ್ಲಿ, ಅತ್ತೆ ಗದಗಿನಿಂದ ನಮ್ಮಲ್ಲಿಗೆ ಬಂದರು. ಬೇಸ್‌ಮೆಂಟಿಗೆ ಇಳಿದು ಆ ಕೋಣೆಯನ್ನು ನೋಡಿದವರು ಒಂದಿಷ್ಟೂ ಬೆರಗಾಗದೆ, "ಇದು ಹಗೇವು ಅಲ್ಲೇನ" ಅಂದರು. ಹಗೇವೆಂದರೆ ಅವರ ಕಡೆ ನೆಲದೊಳಗೆ ತೋಡಿದ ಜೋಳದ ಕಣಜ. ಬರಗಾಲಕ್ಕೆಂದು ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಡುತ್ತಾರೆ. ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಒಮ್ಮೆ ಬಾಯಿ ತೆಗೆದ ಹಗೇವಿನ ಕಾಳು ಉಳಿಯುವುದಿಲ್ಲವಾದ್ದರಿಂದ ಎಲ್ಲವನ್ನೂ ಮೇಲೆ ತಂದು, ತಮಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಓಣಿಯವರಿಗೆಲ್ಲ ಕೊಡಬೇಕಾಗುತ್ತಿತ್ತಂತೆ. ಇಲ್ಲಿ ಇಡಬೇಕೆಂದಿದ್ದದ್ದು ಜೋಳವನ್ನಲ್ಲ, ಜನರನ್ನು ಎಂದು ನಾನು ತಿಳಿಸಿ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು, "ಮಂದೀನ್ನ ಯಾರರ ಹಗೇವಿನ್ಯಾಗ ಇಡತಾರೇನ ನೀಲಾ" ಅಂದರು.

ಅತ್ತೆಗೆ ಅಮೆರಿಕದಲ್ಲಿ ನಂಬಿಕೆ ಬಾರದಿದ್ದದ್ದು ನಳದ ನೀರಿನ ಮೇಲೆ. ಗದಗಿನಲ್ಲಿ ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಳ ಬಿಡುವುದನ್ನು ಕಂಡವರು. ಇಪ್ಪತ್ನಾಲ್ಕು ಗಂಟೆಯೂ ನೀರು ಬರುತ್ತದೆ ಎನ್ನುವವರು ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವರ ಖಚಿತ ಅಭಿಪ್ರಾಯ. ಖಾಲಿಯಾದ ಹಾಲಿನ ಗ್ಯಾಲನ್ ಕ್ಯಾನುಗಳನ್ನು ಒಂದನ್ನೂ ಎಸೆಯಲು ಬಿಡದೆ ತೊಳೆದು, ನೀರು ತುಂಬಿ, ಆ ಕೋಣೆಯಲ್ಲಿ ಸಾಲಾಗಿ ಇಟ್ಟರು. ಪ್ರತಿ ಎಂಟು ದಿನಕ್ಕೆ ಹಳೆಯ ನೀರನ್ನು ಟೊಮೆಟೊ ಗಿಡಗಳಿಗೆ ಹಾಕಿ ಹೊಸದು ತುಂಬುವುದು ಅವರ ವ್ರತ. ಅಕ್ಕಪಕ್ಕದ ಕನ್ನಡದವರು ಊಟಕ್ಕೆ ಬಂದಾಗ ನಾನು ಅವರನ್ನು ಕೆಳಗೆ ಕರೆದೊಯ್ದು ಅತ್ತೆಯ ಅರವತ್ತು ಕ್ಯಾನುಗಳನ್ನು ತೋರಿಸಿ ನಗುತ್ತಿದ್ದೆ. ಅತ್ತೆಗೆ ಬೇಸರವಿರಲಿಲ್ಲ, ನಗುವವರು ನಗಲಿ ಎಂದು ಬಿಟ್ಟಿದ್ದರು.

ಪಕ್ಕದ ಮನೆಯ ಹೆಲೆನ್ ಒಂಟಿ ವಿಧವೆ, ಎಪ್ಪತ್ತೈದು ದಾಟಿದವಳು. ಮಕ್ಕಳು ಮೂವರೂ ದೂರದ ರಾಜ್ಯಗಳಲ್ಲಿ. ಅವಳಿಗೂ ಅತ್ತೆಗೂ ಟೊಮೆಟೊ ಗಿಡಗಳ ನಡುವೆ ಸ್ನೇಹ ಬೆಳೆಯಿತು. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ. ಅದರಿಂದಲೇ ಇಬ್ಬರಿಗೂ ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ. ಅತ್ತೆ ಅವಳನ್ನು ಹೆಲೆನಕ್ಕ ಎನ್ನುತ್ತಿದ್ದರು. ಹೆಲೆನ್ ನಮ್ಮ ಅಡುಗೆಮನೆಯಲ್ಲಿ ಕೂತು ಚಹ ಕುಡಿಯುತ್ತಿದ್ದಳು. ಒಂದು ದಿನ ಸಂಜನಾ ಬೇಸ್‌ಮೆಂಟಿನಲ್ಲಿ ತಾನು ಬರೆದ ಚಿತ್ರ ತೋರಿಸುತ್ತೇನೆಂದು ಅವಳ ಕೈ ಹಿಡಿದು ಎಳೆದಾಗ ಮೆಟ್ಟಿಲ ಬಾಯಲ್ಲೇ ನಿಂತುಬಿಟ್ಟಳು. ಬಾಗಿಲಿನ ಚೌಕಟ್ಟು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಮಗಳನ್ನು ಆಡಲು ಕಳಿಸಿ, ಅವಳನ್ನು ಕೂರಿಸಿ, ಏನೆಂದು ಕೇಳಿದೆ.

ಕೋಣೆ ಕಟ್ಟಿದವನು ಫ್ರ್ಯಾಂಕ್, ಈ ಮನೆಯ ಮೊದಲ ಯಜಮಾನ. ಹೆಲೆನ್‌ಳ ಗಂಡ ವಾಲ್ಟರ್ ಅವನ ಜೀವದ ಗೆಳೆಯ, ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಒಂದೇ ಪಾಳಿ. ಆ ಕಾಂಕ್ರೀಟ್ ಬ್ಲಾಕುಗಳನ್ನು ಹೊತ್ತು ಕೆಳಗೆ ಇಳಿಸಿದವನೂ ವಾಲ್ಟರನೇ. 1962ರಲ್ಲಿ, ಕ್ಯೂಬಾದಲ್ಲಿ ರಷ್ಯದ ಕ್ಷಿಪಣಿಗಳಿವೆಯೆಂದು ರೇಡಿಯೊದಲ್ಲಿ ಬಂದ ವಾರ ಎಲ್ಲರಿಗೂ ಇನ್ನು ಮುಗಿಯಿತು ಅನ್ನಿಸಿತ್ತಂತೆ. ವಾಲ್ಟರ್ ಈ ಮನೆಗೆ ಬಂದು, ನಾವಿಬ್ಬರೂ ಬೇಡ, ನಮ್ಮ ಮೂರು ಮಕ್ಕಳನ್ನು ಮಾತ್ರ ಒಳಗೆ ತೆಗೆದುಕೋ ಎಂದು ಕೇಳಿದ. ಫ್ರ್ಯಾಂಕ್ ಅವನನ್ನು ಕೆಳಗೆ ಕರೆದೊಯ್ದು, ಗಾಳಿ ಐದು ಜನಕ್ಕೆ, ನೀರು ಐದು ಜನಕ್ಕೆ ಎಂದು ಸಮಾಧಾನವಾಗಿ ವಿವರಿಸಿದ. ಆಮೇಲೆ ಬಾಗಿಲ ಹಿಂದೆ ತೋರಿಸಿದ. ಅಲ್ಲಿ ಎರಡು ಕೊಕ್ಕೆಗಳ ಮೇಲೆ ಒಂದು ಬಂದೂಕು.

"ರಷ್ಯದವರು ಬಂದರೆ ಅಂತ ಇಟ್ಟಿದ್ದನೇ?" ಎಂದು ನಾನು ಕೇಳಿದೆ. ವಿದ್ಯಾವಂತರು ಎಷ್ಟು ದಡ್ಡರಿರಬಹುದು ಎಂಬುದಕ್ಕೆ ಇದೂ ಒಂದು ಉದಾಹರಣೆ.

"ರಷ್ಯದವರು ಲಿವೋನಿಯಾಕ್ಕೆ ನಡೆದುಕೊಂಡು ಬರುತ್ತಾರೆಯೇ? ಅದನ್ನು ನಮಗೇ ಇಟ್ಟಿದ್ದ" ಅಂದಳು ಹೆಲೆನ್.

ಮೂರು ವರ್ಷ ನಾನು ಪೊರಕೆ ಇಡುತ್ತಿದ್ದ ಜಾಗ ಅದು. ಆಮೇಲೆ ಏನಾಯಿತು ಎಂದು ಕೇಳಿದೆ. "ಏನೂ ಆಗಲಿಲ್ಲ. ಬಾಂಬು ಬೀಳಲಿಲ್ಲವಲ್ಲ. ಮರುವಾರ ಫ್ರ್ಯಾಂಕನ ಎಲೆ ಗುಡಿಸುವ ಕುಂಟೆ ಮುರಿಯಿತು, ವಾಲ್ಟರ್ ನಮ್ಮದನ್ನು ಕೊಟ್ಟ" ಅಂದಳು. ಅಲ್ಲಿಂದ ಮುಂದೆ ಮೂವತ್ತು ವರ್ಷ ಎರಡೂ ಮನೆಯವರು ಕ್ರಿಸ್‌ಮಸ್ಸಿಗೆ ಕುಕಿ ಕೊಟ್ಟುಕೊಂಡರು, ಫ್ರ್ಯಾಂಕನ ಶವಪೆಟ್ಟಿಗೆಗೆ ವಾಲ್ಟರ್ ಹೆಗಲನ್ನೂ ಕೊಟ್ಟ. ಹೆಲೆನ್ ಮಾತ್ರ ಈ ಮೆಟ್ಟಿಲು ಇಳಿಯಲಿಲ್ಲ.

ಕ್ಯೂಬಾದ ಗಂಡಾಂತರ ಕಳೆದ ಮೇಲೆ ಎರಡು ಮಹಾಶಕ್ತಿಗಳೂ ಬುದ್ಧಿ ಕಲಿತು ತಮ್ಮ ನಡುವೆ ಒಂದು ಹಾಟ್‌ಲೈನ್ ಹಾಕಿಸಿಕೊಂಡವಷ್ಟೆ. ಎಲ್ಲರೂ ಅಂದುಕೊಂಡಿರುವಂತೆ ಅದು ಕೆಂಪು ಫೋನಲ್ಲ, ಟೆಲಿಪ್ರಿಂಟರ್. ದನಿ ಕೇಳಿದರೆ ಸಿಟ್ಟು ಬಂದೀತು, ಬರೆದದ್ದನ್ನು ಓದಿದರೆ ಒಂದು ಗಳಿಗೆ ಯೋಚಿಸಿಯಾರು ಎಂಬ ಜಾಣತನವಂತೆ. ಮೂವತ್ತಡಿ ದೂರದ ಈ ಎರಡು ಮನೆಗಳಿಗೆ ಅಂಥದ್ದೊಂದು ತಂತಿ ಹಾಕಿಕೊಡುವವರು ಯಾರೂ ಇರಲಿಲ್ಲ. ನಾನು ಹೆಲೆನ್‌ಳ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು "ಹದಿನಾಕು ದಿನಾ ಆದ ಮ್ಯಾಲ ಬಾಗಲಾ ತಗದು ಅಂವಾ ಯಾರ ಮಾರಿ ನೋಡಾಂವ ಇದ್ದ" ಎಂದು ಕೇಳಿದರು.

ನನಗಂತೂ ಆ ಸತ್ತ ಫ್ರ್ಯಾಂಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಥ ಜನ, ನಮ್ಮಲ್ಲಾಗಿದ್ದರೆ ಹೀಗೆ ಮಾಡುತ್ತಿದ್ದೆವೇ ಎಂದು ಶರಣುವಿಗೆ ಭಾಷಣ ಮಾಡಿದೆ. ಅವನು ಅರಿವಳಿಕೆ ವೈದ್ಯ. ಹೆಚ್ಚು ಮಾತಾಡುವವರನ್ನು ಮಲಗಿಸುವುದೇ ಅವನ ವೃತ್ತಿಯಾದ್ದರಿಂದ ಶಾಂತವಾಗಿ ಕೇಳಿಸಿಕೊಂಡ. ಎರಡು ಸಂಸ್ಕೃತಿಗಳ ನಡುವಿನ ಅಂತರದ ಬಗ್ಗೆ ಆ ವರ್ಷ ನಾನು ಆಡಿದ ಮಾತುಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

2003ರ ಆಗಸ್ಟಿನಲ್ಲಿ ಒಂದು ಗುರುವಾರ ಸಂಜೆ ನಾಲ್ಕರ ಸುಮಾರಿಗೆ ಕರೆಂಟು ಹೋಯಿತು. ನಮ್ಮ ಮನೆಯದಲ್ಲ, ಬೀದಿಯದಲ್ಲ, ಡೆಟ್ರಾಯಿಟ್‌ನಿಂದ ನ್ಯೂಯಾರ್ಕಿನವರೆಗಿನದು. ಸಿಗ್ನಲ್ಲುಗಳು ಸತ್ತ ರಸ್ತೆಯಲ್ಲಿ ಎಂಟು ಮೈಲಿಯನ್ನು ಎರಡು ಗಂಟೆ ಡ್ರೈವ್ ಮಾಡಿ ಮನೆ ಸೇರಿದೆ. ಸ್ವಲ್ಪ ಹೊತ್ತಿಗೆ ನಳವೂ ಕೆಮ್ಮಿ ನಿಂತಿತು, ನೀರೆತ್ತುವ ಪಂಪುಗಳಿಗೂ ಕರೆಂಟೇ ಬೇಕಲ್ಲ. ಬೆಳಿಗ್ಗೆಯ ಹೊತ್ತಿಗೆ ಅಂಗಡಿಗಳಲ್ಲಿ ನೀರಿನ ಬಾಟಲಿ ಇಲ್ಲ, ಪೆಟ್ರೋಲ್ ಬಂಕು ನಡೆಯುತ್ತಿಲ್ಲ, ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಶರಣು ಆಸ್ಪತ್ರೆಯಲ್ಲೇ ಉಳಿದುಕೊಂಡ. ಅಮೆರಿಕ ಕೈಕಟ್ಟಿ ಕೂತಿತು. ಅತ್ತೆಯ ಮುಖದಲ್ಲಿ ಮಾತ್ರ, ಕೊನೆಗೂ ಈ ದೇಶ ತನಗೆ ಅರ್ಥವಾಗುವ ಭಾಷೆ ಆಡುತ್ತಿದೆ ಎಂಬಂಥ ಒಂದು ನೆಮ್ಮದಿ.

ಶುಕ್ರವಾರ ಮಧ್ಯಾಹ್ನ ಅತ್ತೆ ಹಿತ್ತಲಿನಿಂದ ನನ್ನನ್ನು ಕೂಗಿದರು. ಹೆಲೆನ್ ತನ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಸುಣ್ಣದ ಹಾಗಾಗಿತ್ತು, ತುಟಿಗಳು ಒಣಗಿ ಅಂಟಿಕೊಂಡಿದ್ದವು. ಹಿಂದಿನ ರಾತ್ರಿಯೇ ನೀರು ಮುಗಿದಿತ್ತಂತೆ, ಕೇಳಲು ಸಂಕೋಚ. ಫೋನು ಸಿಗುತ್ತಿಲ್ಲ, ಮನೆಯೊಳಗೆ ಒಲೆಯಂಥ ಸೆಕೆ. ತಂಪಾದ ಜಾಗವಿದ್ದದ್ದು ಒಂದೇ, ನಮ್ಮ ಕೆಳಗಿನ ಕಾಂಕ್ರೀಟ್ ಕೋಣೆ. ಅಲ್ಲಿಗೆ ಬಾ ಎಂದರೆ ಒಲ್ಲೆನೆಂದು ತಲೆಯಾಡಿಸಿಬಿಟ್ಟಳು. ನಾನು ಇಂಗ್ಲಿಷಿನಲ್ಲಿ ಡಿಹೈಡ್ರೇಷನ್ ಇತ್ಯಾದಿ ವಿವರಿಸತೊಡಗಿದೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಸೊಂಟಕ್ಕೆ ಕೈ ಹಾಕಿ ಎಬ್ಬಿಸಿ, "ಬಾರವಾ ಹೆಲೆನಕ್ಕ, ನಾ ಅದೀನಿ" ಎಂದು ನಡೆಸಿಕೊಂಡೇ ಹೋದರು. ದಪ್ಪ ಬಾಗಿಲ ಬಳಿ ಹೆಲೆನ್ ನಿಂತಳು, ಅದರ ಹಿಂದೆ ಇಣುಕಿದಳು, ಪೊರಕೆಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಹಲಗೆಯ ಮೇಲೆ ಒರಗಿದಳು. ಅತ್ತೆ ಬೆಲ್ಲ, ಉಪ್ಪು ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಒಂದು ಗಂಟೆಯಲ್ಲಿ ಅವಳ ಮುಖಕ್ಕೆ ರಕ್ತ ಬಂತು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇಕೆ.

ಅಷ್ಟರಲ್ಲಿ ನಮ್ಮಲ್ಲಿ ನೀರಿದೆ ಎಂಬ ಸುದ್ದಿ ಸಂಜನಾಳಿಂದ ಬೀದಿಗೆ ಹರಡಿತು. ಒಬ್ಬರಾದ ಮೇಲೆ ಒಬ್ಬರು ಬಂದರು. ಅತ್ತೆ ಕೆಳಗಿನಿಂದ ಕೊಡುತ್ತಿದ್ದರು, ನಾನು ಬಾಗಿಲಲ್ಲಿ ಹಂಚುತ್ತಿದ್ದೆ. ಎರಡು ಬೀದಿಯಾಚೆಯವರೂ ಬಂದರು. ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಕ್ಯಾನುಗಳು ಉಳಿದವು. ನೀರು ಯಾವಾಗ ಬರುವುದೋ ಹೇಳಲಾಗದು ಎಂದು ಬ್ಯಾಟರಿ ರೇಡಿಯೊ ಹೇಳುತ್ತಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ನಾನು, ಅತ್ತೆ, ಮಗಳು, ಹೆಲೆನ್, ಶರಣು ಬಂದರೆ ಅವನು. ಐದು ಜನ.

ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ಯುವಕ, ಐದು ವರ್ಷದಿಂದ ಕೈ ಬೀಸಿ ಗೊತ್ತು, ಹೆಸರು ಗೊತ್ತಿಲ್ಲ. ಹೆಗಲ ಮೇಲೆ ಅಳುವ ಕೂಸು, ಕೈಯಲ್ಲಿ ಖಾಲಿ ಕ್ಯಾನು. "ಏನಾದರೂ ಉಳಿದಿದೆಯೇ? ಮಗುವಿನ ಹಾಲಿನ ಪುಡಿ ಕಲಸಲು" ಅಂದ. ನಾನು ಅವನನ್ನು ನೋಡಿದೆ, ಮುಗುಳ್ನಕ್ಕೆ, ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ, "ಕ್ಷಮಿಸಿ, ಎಲ್ಲ ಮುಗಿದುಹೋಯಿತು" ಅಂದೆ. ಬಾಯಿ ತಡವರಿಸಲಿಲ್ಲ. ಅವನು ಥ್ಯಾಂಕ್ಸ್ ಹೇಳಿ ಹೋದ. ಬಾಗಿಲು ಹಾಕಿ ತಿರುಗಿದರೆ ಬೇಸ್‌ಮೆಂಟಿನ ಮೆಟ್ಟಿಲ ತುದಿಯಲ್ಲಿ ಹೆಲೆನ್ ನಿಂತಿದ್ದಳು, ಗೋಡೆ ಹಿಡಿದುಕೊಂಡು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಫ್ರ್ಯಾಂಕೂ ಹೀಗೇ ಮೆಲ್ಲಗೆ ಹೇಳಿದ್ದನಂತೆ" ಅಂದಳು.

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. ಅಣುಬಾಂಬು ಬಿದ್ದಿರಲಿಲ್ಲ, ಕರೆಂಟು ಹೋಗಿ ಇನ್ನೂ ಇಪ್ಪತ್ತಾರು ಗಂಟೆ. ಫ್ರ್ಯಾಂಕನಿಗೆ ಒಂದು ಬಂದೂಕಾದರೂ ಬೇಕಾಗಿತ್ತು, ನನಗೆ ಒಂದು ಮುಗುಳ್ನಗೆ ಸಾಕಾಗಿತ್ತು. ಕೆಳಗೆ ಓಡಿ, ಎರಡು ಕೈಗೂ ಎರಡೆರಡು ಕ್ಯಾನು ಸಿಕ್ಕಿಸಿಕೊಂಡು, ಚಪ್ಪಲಿ ಹಾಕದೆ ಕಾದ ರಸ್ತೆ ದಾಟಿ ಎದುರುಮನೆಯ ಬಾಗಿಲನ್ನು ಮೊಣಕೈಯಿಂದ ಗುದ್ದಿದೆ. ಅವನು ತೆಗೆದ. ಇನ್ನೊಂದಿಷ್ಟು ಸಿಕ್ಕಿತು ಎಂದು ಸುಳ್ಳು ಹೇಳುವುದು ಸುಲಭವಿತ್ತು. "ಆಗಲೇ ಇತ್ತು, ಇಲ್ಲ ಅಂದೆ" ಎಂದೆ. ಅವನು ಕ್ಯಾನುಗಳನ್ನು ನೋಡಿದ, ನನ್ನ ಬರಿಗಾಲನ್ನು ನೋಡಿದ, ಕೈ ಚಾಚಿ ತೆಗೆದುಕೊಂಡ. ಮನೆಗೆ ಬಂದಾಗ ಅತ್ತೆ, "ಕೂಸಿಗೆ ಸಾಕಾತೇನ" ಎಂದಷ್ಟೇ ಕೇಳಿದರು. ಮರುದಿನ ಕರೆಂಟು ಬಂತು.

ಕಳೆದ ತಿಂಗಳು ಶಿಕಾಗೊ ಕಡೆ ಹೋಗಿದ್ದಾಗ, ಗ್ಲೆಂಡೇಲ್ ಹೈಟ್ಸ್‌ನಲ್ಲಿ ಗೆಳತಿ ರುಬೀನಾಳ ಮನೆಯಲ್ಲಿ ಊಟಕ್ಕೆ ಏಳೆಂಟು ಜನ ಕನ್ನಡದ ಹೆಂಗಸರು ಸೇರಿದ್ದೆವು. ಇದನ್ನೆಲ್ಲ ಮೊದಲ ಸಲ ಪೂರ್ತಿಯಾಗಿ ಹೇಳಿದೆ, ನನ್ನ ಪಾಲನ್ನೂ ಬಿಡದೆ. ಫ್ರ್ಯಾಂಕನ ಬಂದೂಕಿಗೆ ಎಲ್ಲರೂ ಛೇ ಎಂದರು, ಎಂಥ ಜನ ಎಂದರು. ನನ್ನ ಮುಗುಳ್ನಗೆಯ ಭಾಗ ಬಂದಾಗ ಯಾರೂ ಛೇ ಎನ್ನಲಿಲ್ಲ. ಬೈಯುತ್ತಾರೇನೋ ಎಂದು ನಾನು ಕಾದೆ. ಕೊನೆಗೆ ರುಬೀನಾ ಮೆಲ್ಲಗೆ ಕೇಳಿದಳು:

"ಇಪ್ಪತ್ತೆರಡು ಕ್ಯಾನು ಅಂದ್ರಲ್ಲ, ಅದರಲ್ಲಿ ನಿಮ್ಮನೆಯವರಿಗೆ ಎಷ್ಟು ದಿನ ಬರ್ತಿತ್ತು?"

ಉಳಿದವರೆಲ್ಲ ಉತ್ತರಕ್ಕಾಗಿ ನನ್ನ ಕಡೆಗೆ ತಿರುಗಿದರು.